ಬಾಗಿಲು ಮುಚ್ಚಿದ ಕೋಣೆಯ ಹೊಣೆ: ಆಪ್ತಸಮಾಲೋಚಕರ ವೃತ್ತಿನೀತಿ ಕುರಿತು ಓದುಗರ ಪ್ರಶ್ನೆಗಳು

ಆಪ್ತಸಮಾಲೋಚನೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಹೆಚ್ಚಿನ ಪತ್ರಗಳು ಖಿನ್ನತೆ, ಆತಂಕ, ಮಾತ್ರೆಗಳ ಸುತ್ತ ಇರಬಹುದೆಂದು ನಾನು ಎಣಿಸಿದ್ದೆ. ಆದರೆ ಬಹುಪಾಲು ಓದುಗರು ಕೇಳಿರುವುದು ನಂಬಿಕೆಯ ಪ್ರಶ್ನೆ: ಹೇಳಿಕೊಂಡದ್ದು ಹೊರಗೆ ಹೋಗುವುದಿಲ್ಲವೆಂಬುದಕ್ಕೆ ಏನು ಖಾತರಿ, ಎದುರು ಕುಳಿತವರಿಗೆ ಈ ಕೆಲಸ ನಿಜವಾಗಿ ಬರುತ್ತದೆಯೇ, ತಪ್ಪಾದರೆ ಕೇಳುವವರು ಯಾರು? ಈ ವೃತ್ತಿಯಲ್ಲಿರುವವರೂ ಕೆಲವರು ಬರೆದಿದ್ದಾರೆ. ಐದು ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಎರಡು ವರ್ಷಗಳಿಂದ ಆಪ್ತಸಮಾಲೋಚಕಿಯಾಗಿದ್ದೇನೆ. 16 ವರ್ಷದ ವಿದ್ಯಾರ್ಥಿನಿಯೊಬ್ಬಳು ಬಂದು, ‘ಮಿಸ್, ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ, ಆಮೇಲೆ ಹೇಳ್ತೀನಿ’ ಎಂದಳು. ಕೊಟ್ಟೆ. ಮನೆಯಲ್ಲೇ ಇರುವ ಹತ್ತಿರದ ಬಂಧುವೊಬ್ಬರು ಆರು ತಿಂಗಳಿಂದ ತನ್ನ ಮೈಮುಟ್ಟಿ ಹಿಂಸಿಸುತ್ತಿದ್ದಾರೆಂದು ಆಮೇಲೆ ತಿಳಿಸಿದಳು. ಹೆಸರು ಹೇಳದೆ ಪ್ರಾಂಶುಪಾಲರಿಗೆ ವಿಷಯ ತಿಳಿಸಿದರೆ, ‘ಕಾಲೇಜಿನ ಮರ್ಯಾದೆಯ ಪ್ರಶ್ನೆ, ಮನೆಯವರನ್ನು ಕರೆಸಿ ಮುಗಿಸಿಬಿಡಿ’ ಎಂದರು. ನಾನು ಮಾತು ಉಳಿಸಿಕೊಳ್ಳಲೇ, ಕಾನೂನು ಪಾಲಿಸಲೇ? (ದಾವಣಗೆರೆ)

ಉತ್ತರ: ನೀವು ಪೊಲೀಸರಿಗೆ ತಿಳಿಸಬೇಕು, ತಡಮಾಡದೆ ತಿಳಿಸಬೇಕು. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, 18 ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆದರೂ ವಿಶೇಷ ಬಾಲಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಠಾಣೆಗೆ ತಿಳಿಸಲೇಬೇಕು. ಆಪ್ತಸಮಾಲೋಚಕರಿಗೆ ಇದರಲ್ಲಿ ವಿನಾಯಿತಿ ಇಲ್ಲ. ತಿಳಿಸದಿದ್ದರೆ 21ನೇ ಸೆಕ್ಷನ್ ಅಡಿಯಲ್ಲಿ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲವೆಂದು ಅದೇ 19ನೇ ಸೆಕ್ಷನ್ ರಕ್ಷಣೆಯನ್ನೂ ಕೊಟ್ಟಿದೆ. ವಿಷಯ ತಿಳಿದಿರುವ ನಿಮ್ಮ ಪ್ರಾಂಶುಪಾಲರಿಗೂ ಈ ಹೊಣೆ ಬಂದಿದೆ. ಅದನ್ನು ಅವರಿಗೆ ಬರಹದಲ್ಲಿ ತಿಳಿಸಿ. ಹೆಚ್ಚಿನವರು ಹಟದಿಂದ ಹಾಗೆ ಹೇಳುವುದಿಲ್ಲ, ಕಾನೂನು ಗೊತ್ತಿಲ್ಲದೆ ಹೇಳುತ್ತಾರೆ. ಕಾಗದದ ಮೇಲೆ ಸೆಕ್ಷನ್ ಕಂಡ ಕೂಡಲೇ ನಿಲುವು ಬದಲಾದದ್ದನ್ನು ನಾನು ನೋಡಿದ್ದೇನೆ. ಮನೆಯವರನ್ನು ಕರೆಸಿ ಮುಗಿಸುವ ದಾರಿಯನ್ನಂತೂ ಖಂಡಿತ ಹಿಡಿಯಬೇಡಿ. ಆ ಮನುಷ್ಯ ಇರುವುದು ಅದೇ ಮನೆಯಲ್ಲಿ, ಹುಡುಗಿ ಸಂಜೆ ಹಿಂತಿರುಗುವುದೂ ಅಲ್ಲಿಗೇ.

ಆದರೆ ಠಾಣೆಗೆ ಹೋಗುವ ಮೊದಲು ನೀವು ಮಾತಾಡಬೇಕಾದದ್ದು ಆ ಹುಡುಗಿಯೊಂದಿಗೆ. ಅವಳಿಗೆ ತಿಳಿಸದೆ ನೇರವಾಗಿ ದೂರು ಕೊಟ್ಟರೆ, ಅವಳ ಮೈಯ ಮೇಲಿನ ಹಕ್ಕನ್ನು ಒಬ್ಬ ಕಿತ್ತುಕೊಂಡಂತೆ ಅವಳ ಮಾತಿನ ಮೇಲಿನ ಹಕ್ಕನ್ನು ನೀವು ಕಿತ್ತುಕೊಂಡಂತಾಗುತ್ತದೆ. ಹೀಗೆ ಹೇಳಿ: ‘ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಡಬಾರದಿತ್ತಮ್ಮ. ಆ ತಪ್ಪು ನನ್ನದು. ನೀನು ಹೇಳಿಕೊಂಡದ್ದು ಸರಿಯಾಗಿಯೇ ಇದೆ. ಈಗ ಇದು ನಿಲ್ಲಬೇಕಾದರೆ ನಾವಿಬ್ಬರೇ ಸಾಲದು. ಯಾರಿಗೆ, ಏನು, ಯಾವಾಗ ಹೇಳುತ್ತೇನೆ ಎನ್ನುವುದನ್ನು ಒಂದೊಂದಾಗಿ ನಿನಗೆ ಹೇಳಿಯೇ ಮಾಡುತ್ತೇನೆ.’ ಮುಂದೆ ಏನಾಗುತ್ತದೆಂದು ವಿವರಿಸಿ. ಅವಳ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು. ಹಾಗೆ ಬರುವವರು ಸಮವಸ್ತ್ರದಲ್ಲಿರಬಾರದು. ಅವಳು ನಂಬುವ ಒಬ್ಬರು ಜೊತೆಗಿರಬಹುದು. ವೈದ್ಯಕೀಯ ಪರೀಕ್ಷೆ ಮಾಡುವವರು ಮಹಿಳಾ ವೈದ್ಯರಾಗಿರಬೇಕು. ಅವಳ ಹೆಸರು, ಊರು, ಕಾಲೇಜು ಪತ್ರಿಕೆಯಲ್ಲಿ ಬರುವಂತಿಲ್ಲ. ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಅವಳು ಆ ಮನೆಯಲ್ಲಿರುವುದು ಕ್ಷೇಮವೇ ಎಂಬುದನ್ನು ಸಮಿತಿ ನೋಡುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಅವಳೂ ಕರೆ ಮಾಡಬಹುದು, ನೀವೂ ಮಾಡಬಹುದು. ಪೊಲೀಸ್ ಎಂಬ ಪದ ಕೇಳಿದೊಡನೆ ಹುಡುಗಿಯ ಕಣ್ಣಿಗೆ ಕಟ್ಟುವುದು ಠಾಣೆಯ ಬೆಂಚು ಮತ್ತು ಊರವರ ನೋಟ. ಅದಕ್ಕೇ ಈ ಸಣ್ಣ ವಿವರಗಳು ಅವಳಿಗೆ ತುಂಬ ದೊಡ್ಡವು.

ಆ ದಿನದ ಮಾತುಕತೆಯನ್ನು ದಿನಾಂಕ, ಸಮಯದೊಂದಿಗೆ, ಅವಳ ಮಾತುಗಳಲ್ಲೇ ಬರೆದಿಡಿ. ನಿಮ್ಮ ಊಹೆಯನ್ನು ಅದರಲ್ಲಿ ಬೆರೆಸಬೇಡಿ. ವಕೀಲರಿಗೂ ಕಕ್ಷಿದಾರರಿಗೂ ನಡುವಿನ ಮಾತಿಗೆ ಸಾಕ್ಷ್ಯ ಕಾನೂನು ಕೊಡುವ ರಕ್ಷಣೆ ನಮ್ಮ ದೇಶದಲ್ಲಿ ಆಪ್ತಸಮಾಲೋಚಕರಿಗೆ ಇಲ್ಲ. ನ್ಯಾಯಾಲಯ ಕರೆದರೆ ನೀವು ಹೋಗಬೇಕು, ನಿಮ್ಮ ಪುಸ್ತಕವೂ ಹೋಗಬೇಕಾಗಬಹುದು. ಅದು ನೆನಪಿನಲ್ಲಿದ್ದರೆ ಬರೆಯುವ ಕೈ ತಾನಾಗಿಯೇ ಎಚ್ಚರವಾಗುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನೀವು ಎಡವಿದ್ದು ಪ್ರಾಂಶುಪಾಲರ ಕೊಠಡಿಯಲ್ಲಲ್ಲ. ಮೊದಲ ನಿಮಿಷದಲ್ಲಿ, ಆ ಮಾತು ಕೊಟ್ಟಾಗ. ಈಡೇರಿಸಲಾಗದ ಭರವಸೆಯನ್ನು ಪ್ರೀತಿಯಿಂದ ಕೊಡುವುದು ನಮ್ಮ ವೃತ್ತಿಯಲ್ಲಿ ಹೊಸಬರೆಲ್ಲರೂ ಮಾಡುವ ತಪ್ಪು. ಯಾವ ವಿದ್ಯಾರ್ಥಿ ಬಂದರೂ, ಅವರು ಬಾಯಿ ತೆರೆಯುವ ಮೊದಲೇ ಹೇಳಬೇಕಾದ ಮಾತು ಇಷ್ಟು: ‘ನೀನು ಇಲ್ಲಿ ಹೇಳಿದ್ದು ನನ್ನಲ್ಲೇ ಉಳಿಯುತ್ತದೆ. ಆದರೆ ನಿನ್ನ ಜೀವಕ್ಕೆ ಅಪಾಯವಿದೆ ಎನಿಸಿದರೆ, ನಿನ್ನಿಂದ ಇನ್ನೊಬ್ಬರಿಗೆ ಅಪಾಯವಿದ್ದರೆ, ಅಥವಾ ನಿನಗೆ ಯಾರಾದರೂ ಲೈಂಗಿಕವಾಗಿ ಹಿಂಸೆ ಕೊಡುತ್ತಿದ್ದರೆ, ನಾನು ಸುಮ್ಮನಿರಲು ಆಗುವುದಿಲ್ಲ. ಆಗಲೂ ನಿನಗೆ ತಿಳಿಸಿಯೇ ಮುಂದುವರಿಯುತ್ತೇನೆ.’ ಹೀಗೆ ಹೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲವೆಂಬ ಭಯ ಹಲವರಿಗಿದೆ. ಕೆಲವರು ಆ ದಿನ ಬಿಡುವುದಿಲ್ಲ, ನಿಜ. ಎರಡು ವಾರ ಪರೀಕ್ಷೆಯ ಭಯ, ತಲೆನೋವು ಎಂದು ಏನೇನೋ ಹೇಳುತ್ತಾ ನಮ್ಮನ್ನು ಅಳೆಯುತ್ತಾರೆ, ಆಮೇಲೆ ಹೇಳುತ್ತಾರೆ. ಹಾಗೆ ತಿಳಿದು ಹೇಳಿದವರು ಮುಂದಿನ ದಾರಿಯನ್ನು ಒಂದಿಷ್ಟು ತಾವೇ ಆರಿಸಿಕೊಂಡಿರುತ್ತಾರೆ. 18ರ ಒಳಗಿನವರು ಒಪ್ಪಿ ಬೆಳೆಸಿದ ದೈಹಿಕ ಸಂಬಂಧವನ್ನೂ ಕಾನೂನು ಅಪರಾಧವೆಂದೇ ನೋಡುವುದರಿಂದ, ಹದಿಹರೆಯದ ಪ್ರೇಮದ ಮಾತು ಬಂದಾಗ ಈ ಮುನ್ಸೂಚನೆ ಇನ್ನೂ ಅಗತ್ಯ. ಪ್ರೀತಿಸುತ್ತಿದ್ದಾಳೆ ಎಂಬಷ್ಟನ್ನೇ ಹಿಡಿದು ಪ್ರಾಂಶುಪಾಲರ ಬಳಿಗೋ ತಂದೆಯ ಬಳಿಗೋ ಓಡುವುದು ಮಾತ್ರ ಶುದ್ಧ ವಿಶ್ವಾಸದ್ರೋಹ.

ಪ್ರಶ್ನೆ: ನಾನು ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಅಂತಿಮ ವರ್ಷದ ವಿದ್ಯಾರ್ಥಿ. ವೃತ್ತಿನೀತಿಯ ಪತ್ರಿಕೆಯಲ್ಲಿ ನೀತಿಸಂಹಿತೆಗಳನ್ನು ಕಂಠಪಾಠ ಮಾಡಿ ಒಳ್ಳೆಯ ಅಂಕ ತೆಗೆದಿದ್ದೇನೆ. ಆದರೆ ಕ್ಷೇತ್ರಕಾರ್ಯಕ್ಕೆ ಹೋದಾಗ ಅದರಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಮನಸ್ಸು ಶುದ್ಧವಾಗಿದ್ದರೆ ಸಾಲದೇ? ‘ನೈತಿಕ ಸಾಮರ್ಥ್ಯ’ ಎಂದು ನಮ್ಮ ಮೇಷ್ಟ್ರು ಹೇಳುವುದು ಏನನ್ನು? (ಮೈಸೂರು)

ಉತ್ತರ: ಮನಸ್ಸು ಶುದ್ಧವಾಗಿರಲೇಬೇಕು. ಸಾಲುವುದಿಲ್ಲ ಎನ್ನುವುದಕ್ಕೆ ನಮ್ಮ ವೃತ್ತಿಯ ಅತ್ಯಂತ ದುಃಖದ ಪ್ರಕರಣವೇ ಸಾಕ್ಷಿ. 1969ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ, ತನ್ನನ್ನು ನಿರಾಕರಿಸಿದ ಯುವತಿಯನ್ನು ಕೊಲ್ಲುವ ಯೋಚನೆಯಿದೆಯೆಂದು ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರ ಬಳಿ ಹೇಳಿದ. ಅವರು ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು, ಪತ್ರವನ್ನೂ ಬರೆದರು. ಪೊಲೀಸರು ಅವನನ್ನು ವಿಚಾರಿಸಿ, ನೋಡಲು ಸರಿಯಾಗಿಯೇ ಇದ್ದಾನೆ ಎನಿಸಿ, ಅವಳಿಂದ ದೂರವಿರುತ್ತೇನೆಂಬ ಮಾತು ಪಡೆದು ಬಿಟ್ಟರು. ಮನಶ್ಶಾಸ್ತ್ರಜ್ಞರ ಮೇಲಧಿಕಾರಿ ವಿಷಯವನ್ನು ಅಲ್ಲಿಗೇ ಕೈಬಿಡುವಂತೆ ಸೂಚಿಸಿದರು. ಟಟಿಯಾನಾ ಟರಾಸಾಫ್ ಎಂಬ ಆ ಯುವತಿಗಾಗಲಿ ಅವಳ ತಂದೆತಾಯಿಗಾಗಲಿ ಒಂದು ಮಾತನ್ನೂ ಯಾರೂ ಹೇಳಲಿಲ್ಲ. ಅಕ್ಟೋಬರ್ 27ರಂದು ಅವಳ ಕೊಲೆಯಾಯಿತು. ಹೆತ್ತವರು ಹೂಡಿದ ದಾವೆಯಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1976ರಲ್ಲಿ ಕೊಟ್ಟ ಅಂತಿಮ ತೀರ್ಪಿನ ಸಾರ ಇಷ್ಟು: ಇನ್ನೊಬ್ಬರ ಜೀವಕ್ಕೆ ಅಪಾಯವಿದೆಯೆಂದು ತಿಳಿದ ಚಿಕಿತ್ಸಕರಿಗೆ ಆ ಇನ್ನೊಬ್ಬರನ್ನು ರಕ್ಷಿಸಲು ತಕ್ಕ ಎಚ್ಚರ ವಹಿಸುವ ಕರ್ತವ್ಯವಿದೆ.

ಈ ಕಥೆಯಲ್ಲಿ ದುಷ್ಟರನ್ನು ಹುಡುಕಿದರೆ, ಕೊಂದವನನ್ನು ಬಿಟ್ಟು ಬೇರೆ ಯಾರೂ ಸಿಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿದೆವೆಂದೇ ತಿಳಿದಿದ್ದರು. ಮನಶ್ಶಾಸ್ತ್ರಜ್ಞ ಜೇಮ್ಸ್ ರೆಸ್ಟ್, ನೈತಿಕ ನಡತೆಯ ಹಿಂದೆ ನಾಲ್ಕು ಬೇರೆ ಬೇರೆ ಶಕ್ತಿಗಳಿವೆ ಎಂದು ವಿಂಗಡಿಸಿದ್ದು ನನಗೆ ಇಲ್ಲಿಯೇ ಅರ್ಥವಾಗುತ್ತದೆ. ಇಲ್ಲೊಂದು ನೀತಿಯ ಪ್ರಶ್ನೆಯಿದೆ ಎಂದು ಮೊದಲು ಕಣ್ಣಿಗೆ ಕಾಣಬೇಕು. ಆಮೇಲೆ ಯಾವುದು ಸರಿ ಎಂದು ತೂಗಿ ನೋಡಲು ಬರಬೇಕು. ಕೆಲಸ ಹೋಗುವ ಭಯ, ಸಂಸ್ಥೆಯ ಹೆಸರು, ದಾಕ್ಷಿಣ್ಯ ಇವೆಲ್ಲಕ್ಕಿಂತ ಆ ಸರಿಯಾದದ್ದೇ ಮುಖ್ಯವೆನಿಸಬೇಕು. ಕೊನೆಗೆ, ಅದನ್ನು ಮಾಡಿ ಮುಗಿಸುವ ಗಟ್ಟಿತನ ಬೇಕು. ನೀವು ಕಂಠಪಾಠ ಮಾಡಿದ್ದು ಎರಡನೆಯದಕ್ಕೆ ಮಾತ್ರ ನೆರವಾಗುತ್ತದೆ, ಅದೂ ಅರ್ಧ.

ನನ್ನ ಕಣ್ಣಾರೆ ಕಂಡದ್ದನ್ನು ಹೇಳಿದರೆ ಮೊದಲನೆಯದು ಎಷ್ಟು ಕಷ್ಟವೆಂದು ತಿಳಿದೀತು. ತರಬೇತಿ ಕೊಡಲು ಹೋಗಿದ್ದ ಒಂದು ಶಾಲೆಯಲ್ಲಿ ಆಪ್ತಸಮಾಲೋಚನೆಯ ಕೋಣೆ ಕ್ರೀಡಾ ಸಾಮಗ್ರಿಗಳ ಕೋಣೆಯೂ ಆಗಿತ್ತು. ಮಾತಿನ ನಡುವೆ ಹುಡುಗರು ವಾಲಿಬಾಲ್ ತೆಗೆದುಕೊಳ್ಳಲು ಒಳಗೆ ಬರುತ್ತಿದ್ದರು. ಯಾವ ವಿದ್ಯಾರ್ಥಿಯನ್ನು ಯಾವ ಪೀರಿಯಡ್‌ನಲ್ಲಿ ಕಳುಹಿಸಬೇಕೆಂಬ ಚೀಟಿಯನ್ನು ಅಟೆಂಡರ್ ತಂದುಕೊಡುತ್ತಿದ್ದರು, ತರಗತಿಯಲ್ಲಿ ಶಿಕ್ಷಕರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು: ‘ನಾಲ್ಕನೇ ಬೆಂಚಿನವಳೇ, ಕೌನ್ಸೆಲಿಂಗ್‌ಗೆ ಹೋಗಮ್ಮ.’ ಅರವತ್ತು ಮಕ್ಕಳು ತಿರುಗಿ ನೋಡುತ್ತಿದ್ದರು. ಆ ಆಪ್ತಸಮಾಲೋಚಕಿ ಗೋಪ್ಯತೆಯ ಬಗ್ಗೆ ನನಗಿಂತ ಚೆನ್ನಾಗಿ ಉಪನ್ಯಾಸ ಕೊಡಬಲ್ಲವರಾಗಿದ್ದರು. ಚೀಟಿ ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮರುವಾರ ಚೀಟಿಯಲ್ಲಿ ಕಾರಣ ಬರೆಯುವುದನ್ನು ನಿಲ್ಲಿಸಿ, ‘ಕಚೇರಿಗೆ ಬರಲಿ’ ಎಂದಷ್ಟೇ ಬರೆದರು. ಬರುವ ಮಕ್ಕಳ ಸಂಖ್ಯೆ ಹೆಚ್ಚಿತು.

ಕಾಣುವ ಕಣ್ಣು ಒಬ್ಬರೇ ಕುಳಿತರೆ ಬೆಳೆಯುವುದಿಲ್ಲ. ನಿಮಗಿಂತ ಅನುಭವಿಗಳೊಬ್ಬರ ಮುಂದೆ ತಿಂಗಳಿಗೆ ಎರಡು ಸಲವಾದರೂ, ಹೆಸರು ಮರೆಮಾಚಿ, ನಿಮ್ಮ ಕೆಲಸವನ್ನು ಬಿಚ್ಚಿಡುವ ಪದ್ಧತಿಯನ್ನು ಈಗಿನಿಂದಲೇ ಶುರುಮಾಡಿ. ಸೂಪರ್‌ವಿಷನ್ ಎಂದು ನಾವು ಕರೆಯುವುದು ಇದನ್ನೇ. ‘ಈ ವಾರ ಯಾವುದನ್ನು ಹೇಳಲು ನನಗೆ ಸಂಕೋಚವಾಗುತ್ತಿದೆ?’ ಎಂದು ಅಲ್ಲಿಗೆ ಹೋಗುವ ಮುನ್ನ ಕೇಳಿಕೊಳ್ಳಿ. ಮೊದಲು ಹೇಳಬೇಕಾದದ್ದು ಅದನ್ನೇ.

ಪ್ರಶ್ನೆ: ನಮ್ಮ ಮಗನಿಗೆ 19 ವರ್ಷ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ನಾಲ್ಕು ತಿಂಗಳಿಂದ ಆಪ್ತಸಮಾಲೋಚಕರ ಬಳಿ ಹೋಗುತ್ತಿದ್ದಾನೆ. ಪ್ರತಿ ಸಲದ ಶುಲ್ಕವನ್ನು ನಾನೇ ಕಳುಹಿಸುತ್ತೇನೆ. ಏನು ತೊಂದರೆ ಎಂದು ಫೋನ್ ಮಾಡಿ ಕೇಳಿದರೆ, ‘ಅವರ ಒಪ್ಪಿಗೆಯಿಲ್ಲದೆ ಹೇಳಲಾಗದು ಸರ್’ ಎಂದರು. ಹೆತ್ತ ತಂದೆಗೆ ಹೇಳದಿರುವುದು ಯಾವ ನೀತಿ? (ಶಿವಮೊಗ್ಗ)

ಉತ್ತರ: ನಿಮ್ಮ ಪತ್ರದಲ್ಲಿರುವ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಆ ಆಪ್ತಸಮಾಲೋಚಕರು ಮಾಡಿದ್ದು ಸರಿ. ನಿಮ್ಮ ಮಗ ಕಾನೂನಿನ ಕಣ್ಣಿನಲ್ಲಿ ವಯಸ್ಕ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್, ಮಾನಸಿಕ ಅಸ್ವಾಸ್ಥ್ಯಕ್ಕೆ ಆರೈಕೆ ಪಡೆಯುವವರ ಮಾಹಿತಿಯನ್ನು ಗುಟ್ಟಾಗಿಡುವುದು ಆರೋಗ್ಯ ವೃತ್ತಿಪರರ ಕರ್ತವ್ಯವೆನ್ನುತ್ತದೆ. ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಹಾನಿ, ನ್ಯಾಯಾಲಯದ ಆದೇಶದಂತಹ ಕೆಲವೇ ವಿನಾಯಿತಿಗಳನ್ನು ಕೊಡುತ್ತದೆ. ಇನ್ನೊಬ್ಬರನ್ನು ಹಾನಿಯಿಂದ ಕಾಪಾಡಲು ಮಾಹಿತಿ ಕೊಡುವಾಗಲೂ ಅದಕ್ಕೆ ಎಷ್ಟು ಬೇಕೋ ಅಷ್ಟನ್ನೇ ಹೇಳಬೇಕು. ಶುಲ್ಕ ಕೊಟ್ಟವರಿಗೆ ಆ ಮಾತುಗಳ ಮೇಲೆ ಹಕ್ಕು ಬರುವುದಿಲ್ಲ.

ನಾನು ಈ ವೃತ್ತಿಗೆ ಬಂದ ಮೂರನೇ ವರ್ಷದ ಒಂದು ಸಂಗತಿಯನ್ನು ನಿಮಗೆ ಹೇಳಬೇಕೆನಿಸುತ್ತದೆ. 20 ವರ್ಷದ ಹುಡುಗನೊಬ್ಬ ನನ್ನಲ್ಲಿಗೆ ಬರುತ್ತಿದ್ದ. ಅವನ ತಾಯಿ ಪ್ರತಿ ಸಲ ಹೊರಗಿನ ಬೆಂಚಿನ ಮೇಲೆ ಸೆರಗು ಹಿಂಡುತ್ತಾ ಕಾಯುತ್ತಿದ್ದರು. ಒಂದು ಸಂಜೆ ಅವನು ನೀರು ಕುಡಿಯಲು ಹೋಗಿದ್ದಾಗ ಆ ತಾಯಿ ಕೈಹಿಡಿದು, ‘ಒಂದೇ ಮಾತು ಹೇಳಿ ಮೇಡಂ, ಓದು ಬಿಡ್ತಾನಾ?’ ಎಂದು ಕೇಳಿದರು. ನನಗೂ ಆಗ ಚಿಕ್ಕ ಮಗುವಿತ್ತು. ‘ಬಿಡುವ ಯೋಚನೆಯಿದೆ, ಆದರೆ ಗಾಬರಿಯಾಗಬೇಡಿ’ ಎಂದುಬಿಟ್ಟೆ. ಅಷ್ಟೇ. ಆ ರಾತ್ರಿ ಮನೆಯಲ್ಲಿ ಏನಾಯಿತೋ ಕಾಣೆ. ಅವನು ಮತ್ತೆಂದೂ ಬರಲಿಲ್ಲ. ಬೇರೆ ಯಾರ ಬಳಿಗೂ ಹೋಗಲಿಲ್ಲವೆಂದು ಒಂದು ವರ್ಷದ ನಂತರ ಆ ತಾಯಿಯೇ ತಿಳಿಸಿದರು. ಕರುಣೆಯಿಂದ ಆಡಿದ ಒಂದು ವಾಕ್ಯ ಅವನ ಪಾಲಿಗೆ ಇದ್ದ ಒಂದು ಬಾಗಿಲನ್ನು ಮುಚ್ಚಿತು. ಈಗ ಯಾರ ಹೆತ್ತವರು ಕೇಳಿದರೂ ನನಗೆ ಮೊದಲು ನೆನಪಾಗುವುದು ಆ ಬೆಂಚು.

ನೀವು ಮಾಡಬಹುದಾದದ್ದೂ ಇದೆ. ಮಗನ ಬಗ್ಗೆ ನೀವು ಕಂಡದ್ದನ್ನು, ಅಂದರೆ ಊಟ ಬಿಟ್ಟದ್ದು, ಫೋನ್ ಎತ್ತದಿರುವುದು, ಸಾಯುವ ಮಾತು ಆಡಿದ್ದು, ಇವನ್ನೆಲ್ಲ ಆಪ್ತಸಮಾಲೋಚಕರಿಗೆ ತಿಳಿಸಬಹುದು. ಅವರಿಗೆ ಹೇಳಲು ನಿರ್ಬಂಧವಿದೆಯೇ ಹೊರತು ಕೇಳಿಸಿಕೊಳ್ಳಲು ಇಲ್ಲ. ನೀವು ಫೋನ್ ಮಾಡಿದ್ದನ್ನು ಅವರು ಮಗನಿಗೆ ತಿಳಿಸುತ್ತಾರೆಂಬುದು ಮಾತ್ರ ನಿಮಗೆ ಗೊತ್ತಿರಲಿ. ಮಗ ಒಪ್ಪಿದರೆ ಮೂವರೂ ಕುಳಿತು ಮಾತಾಡುವ ಒಂದು ಭೇಟಿಯನ್ನು ಕೇಳಬಹುದು. ಅವನಿಗೆ ನೇರವಾಗಿ, ‘ನೀನು ಅಲ್ಲಿ ಏನು ಹೇಳುತ್ತೀಯೆಂದು ನಾನು ಕೇಳುವುದಿಲ್ಲ, ನನ್ನಿಂದ ಏನಾದರೂ ಆಗಬೇಕಿದ್ದರೆ ಹೇಳು ಮಗನೇ’ ಎಂದು ಒಂದು ಸಲ ಹೇಳಿ ನೋಡಿ.

ಪ್ರಶ್ನೆ: ನಮ್ಮದು ಸಣ್ಣ ಊರು. ಇಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕಿ ನಾನೊಬ್ಬಳೇ. ಬರುವವರಲ್ಲಿ ಅರ್ಧ ಜನ ಒಂದಲ್ಲ ಒಂದು ರೀತಿ ಪರಿಚಿತರು. ಒಬ್ಬರು ಮನೆಯಲ್ಲಿ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ತಂದುಕೊಟ್ಟರು, ಇನ್ನೊಬ್ಬರು ಗೃಹಪ್ರವೇಶಕ್ಕೆ ಕರೆದಿದ್ದಾರೆ, ನಾದಿನಿ ತನ್ನ ಗಂಡನೊಂದಿಗಿನ ಜಗಳಕ್ಕೆ ನಾನೇ ಆಪ್ತಸಮಾಲೋಚನೆ ಮಾಡಬೇಕೆನ್ನುತ್ತಾಳೆ. ಪುಸ್ತಕದಲ್ಲಿ ಇದ್ದಂತೆ ನಡೆದರೆ ಊರಿನಲ್ಲಿ ಬದುಕುವುದೇ ಕಷ್ಟ. (ಶಿರಸಿ)

ಉತ್ತರ: ಕೊನೆಯದರಿಂದ ಶುರು ಮಾಡುತ್ತೇನೆ. ನಾದಿನಿಯ ವಿಷಯದಲ್ಲಿ ಬೇಡವೆನ್ನಿ. ಆ ಜಗಳದಲ್ಲಿ ಒಂದು ಪಕ್ಷ ನಿಮ್ಮ ಮನೆಯೇ ಆಗಿರುತ್ತದೆ. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 2006ರ ನಿಯಮಗಳು ಕೂಡ, ಕಕ್ಷಿಗಳಿಗೆ ಸಂಬಂಧಿಕರಾದವರನ್ನು ಅಥವಾ ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರನ್ನು ಸಮಾಲೋಚಕರಾಗಿ ನೇಮಿಸಬಾರದೆಂದು ಹೇಳುತ್ತವೆ. ಅತ್ತಿಗೆಯಾಗಿ ಕೇಳಿಸಿಕೊಳ್ಳಿ, ಹುಬ್ಬಳ್ಳಿಯಲ್ಲೋ ಫೋನಿನಲ್ಲೋ ಸಿಗುವ ಬೇರೊಬ್ಬರ ಬಳಿಗೆ ಕಳುಹಿಸಿ.

ಉಪ್ಪಿನಕಾಯಿಯನ್ನು ತೆಗೆದುಕೊಳ್ಳಿ. ಮಲೆನಾಡಿನ ಹೆಂಗಸೊಬ್ಬಳು ಪ್ರೀತಿಯಿಂದ ತಂದ ಮಿಡಿಯ ಬಾಟಲಿಯನ್ನು ಹಿಂದಕ್ಕೆ ಕೊಡುವುದು ಅವಳನ್ನೇ ಹಿಂದಕ್ಕೆ ಕಳುಹಿಸಿದಂತೆ. ಆದರೆ ಅದನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆಯಿರಿ, ಮತ್ತು ಅದೇ ಆಕೆ ಮುಂದಿನ ಸಲ ರೇಷ್ಮೆ ಸೀರೆ ತಂದರೆ ಅಥವಾ ಶುಲ್ಕದ ಬದಲು ಅಡಿಕೆ ಕೊಡುತ್ತೇನೆಂದರೆ ಆ ಕುರಿತು ಮುಖಾಮುಖಿ ಮಾತಾಡಿ. ಕೊಟ್ಟದ್ದನ್ನು ಬರೆದಿಡಲು ನಿಮಗೆ ಮನಸ್ಸಾಗದಿದ್ದರೆ ಅದನ್ನು ತೆಗೆದುಕೊಳ್ಳಬಾರದೆಂದು ತಿಳಿಯಿರಿ. ಸಾಲ, ಚೀಟಿ ವ್ಯವಹಾರ, ನಿಮ್ಮ ಮನೆಯವರಿಗೆ ಅವರಿಂದ ಕೆಲಸ, ಇವೆಲ್ಲಕ್ಕೂ ಮೊದಲ ದಿನದಿಂದಲೇ ಬಾಗಿಲು ಮುಚ್ಚಿರಲಿ. ಬರುವವರೊಂದಿಗೆ ಪ್ರಣಯ ಅಥವಾ ದೈಹಿಕ ಸಂಬಂಧ ಯಾವ ಊರಿನಲ್ಲೂ ಯಾವ ಕಾರಣಕ್ಕೂ ಸಲ್ಲದು. ಅಮೆರಿಕದ ಆಪ್ತಸಮಾಲೋಚಕರ ಸಂಘದ 2014ರ ಸಂಹಿತೆ, ಕೊನೆಯ ಭೇಟಿಯ ನಂತರವೂ ಐದು ವರ್ಷ ಅದನ್ನು ನಿಷೇಧಿಸುತ್ತದೆ. ಐದು ವರ್ಷಗಳ ನಂತರವೂ ಬೇಡವೆಂಬುದು ನನ್ನ ಅಭಿಪ್ರಾಯ.

ಗೃಹಪ್ರವೇಶಕ್ಕೆ ಹೋಗುವ ಮೊದಲು ಅವರನ್ನೇ ಕೇಳಿ: ‘ನಾನು ಯಾರೆಂದು ಬಂದವರು ಕೇಳಿದರೆ ಏನು ಹೇಳುತ್ತೀರಿ?’ ಉತ್ತರ ಹೇಳಲು ಅವರು ತಡವರಿಸಿದರೆ, ಆಮೇಲೊಂದು ದಿನ ಶುಭ ಹಾರೈಸಿದರೆ ಸಾಕು. ನಿಮ್ಮ ಊರಿನ ಮಾರಿಕಾಂಬಾ ಜಾತ್ರೆಯಲ್ಲಿ ಹೇಗೂ ಎಲ್ಲರೂ ಎದುರಾಗುತ್ತಾರೆ. ‘ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸುವುದಿಲ್ಲ, ನೀವು ಮಾತಾಡಿಸಿದರೆ ಮಾತಾಡುತ್ತೇನೆ, ಅಸಡ್ಡೆ ಎಂದು ತಿಳಿಯಬೇಡಿ’ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಟ್ಟರೆ ಇಬ್ಬರಿಗೂ ನಿರಾಳ.

ಪ್ರಶ್ನೆ: ನನಗೆ 26 ವರ್ಷ. ನಾನು ಸಲಿಂಗಿ ಎಂದು ಜೀವನದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಒಬ್ಬ ಆಪ್ತಸಮಾಲೋಚಕರ ಮುಂದೆ. ಅವರು, ‘ಇದೆಲ್ಲ ಸಹವಾಸ ದೋಷ, ಮದುವೆಯಾದರೆ ಸರಿಹೋಗುತ್ತದೆ, 20 ಸೆಷನ್‌ಗಳಲ್ಲಿ ಬದಲಾಯಿಸುತ್ತೇನೆ’ ಎಂದರು. ಗೋಡೆಯ ಮೇಲೆ ಅವರ ಮೂರು ಸರ್ಟಿಫಿಕೇಟುಗಳಿದ್ದವು. ಇಂಥವರನ್ನು ಕೇಳುವವರು ಯಾರೂ ಇಲ್ಲವೇ? ಸರಿಯಾದವರನ್ನು ಗುರುತಿಸುವುದು ಹೇಗೆ? (ಹುಬ್ಬಳ್ಳಿ)

ಉತ್ತರ: ಮೊದಲಿಗೆ, ನಿಮಗೆ ಯಾವ ಕಾಯಿಲೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ, ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಹಣೆಪಟ್ಟಿಯಿಂದ ಬಿಡಿಸಿದೆ. ‘ಬದಲಾಯಿಸುವ’ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೈದ್ಯರ ಪಾಲಿಗೆ ವೃತ್ತಿ ದುರ್ನಡತೆಯೆಂದು ಘೋಷಿಸಿದೆ. ಅದರ ಹಿಂದಿರುವುದು ಮದ್ರಾಸ್ ಹೈಕೋರ್ಟಿನ ಒಂದು ಪ್ರಕರಣ. ಮನೆಬಿಟ್ಟು ಬಂದಿದ್ದ ಇಬ್ಬರು ಯುವತಿಯರು ರಕ್ಷಣೆ ಕೋರಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ಈ ವಿಷಯದಲ್ಲಿ ತಮ್ಮ ತಿಳಿವಳಿಕೆ ಸಾಲದೆಂದು ತೆರೆದ ಮನಸ್ಸಿನಿಂದ ಒಪ್ಪಿಕೊಂಡು, ಆದೇಶ ಬರೆಯುವ ಮುನ್ನ ತಾವೇ ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಹೋಗಿ ಕುಳಿತರು, ಕಲಿತರು, ಅದನ್ನು 2021ರ ಆದೇಶದಲ್ಲೇ ದಾಖಲಿಸಿದರು. ನೈತಿಕ ಸಾಮರ್ಥ್ಯ ಎಂದರೇನೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಈ ಉದಾಹರಣೆಯನ್ನು ಕೊಡುತ್ತೇನೆ. ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರು ‘ನನಗಿದು ಗೊತ್ತಿಲ್ಲ, ಕಲಿಯಬೇಕು’ ಎನ್ನಬಹುದಾದರೆ, ಮೂರು ಸರ್ಟಿಫಿಕೇಟುಗಳ ಕೆಳಗೆ ಕುಳಿತವರು ಅದನ್ನು ಹೇಳಲಾರರೇ? ಆಪ್ತಸಮಾಲೋಚಕರಿಗೂ ತಮ್ಮ ನಂಬಿಕೆ, ದೇವರು, ಮನೆತನದ ರೂಢಿ ಇರುತ್ತವೆ, ಇರಲಿ. ಅವು ಬಂದವರ ಬದುಕಿನ ತೀರ್ಮಾನಗಳಾಗಬಾರದು. ಆ ಎರಡನ್ನು ಬೇರೆಯಾಗಿಡಲು ತಮ್ಮಿಂದ ಆಗುವುದಿಲ್ಲವೆನಿಸಿದರೆ, ನಿಮಗೆ ನೋವಾಗದಂತೆ ಬೇರೊಬ್ಬರ ಬಳಿಗೆ ಕಳುಹಿಸುವುದು ಅವರ ಕರ್ತವ್ಯವಾಗಿತ್ತು.

ಕೇಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಮಾಧಾನಕರವಾಗಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಅವರ ಮೇಲಿನ ದೂರನ್ನು ಪರಿಷತ್ತಿಗೆ ಕೊಡಬಹುದು. ಮನೋವೈದ್ಯರ ಮೇಲಿನ ದೂರು ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ. ‘ಆಪ್ತಸಮಾಲೋಚಕ’ ಎಂಬ ಫಲಕ ಹಾಕಿಕೊಳ್ಳುವುದಕ್ಕೆ ಮಾತ್ರ ಇಷ್ಟು ದಿನ ಯಾವ ನೋಂದಣಿಯೂ ಬೇಕಿರಲಿಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ತನ್ನ ಪಟ್ಟಿಯಲ್ಲಿ ಮನಶ್ಶಾಸ್ತ್ರಜ್ಞರನ್ನೂ ಹಲವು ಬಗೆಯ ಸಮಾಲೋಚಕರನ್ನೂ ಸೇರಿಸಿರುವುದು ಒಳ್ಳೆಯ ಹೆಜ್ಜೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರೊಬ್ಬರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿರುವುದರಿಂದ, ‘ಅರ್ಹ’ ಎಂದರೆ ಯಾರು ಎಂಬುದು ಇನ್ನು ತಳ್ಳಿಹಾಕಲಾಗದ ಪ್ರಶ್ನೆಯಾಗಿದೆ. ಹಣ ಪಡೆದು ಕೊಟ್ಟ ಸೇವೆಯಲ್ಲಿ ಲೋಪವಾದರೆ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯೂ ಇದೆ. ನೀವು ಪಾವತಿಸಿದ ರಸೀದಿ, ಸಂದೇಶಗಳನ್ನು ಇಟ್ಟುಕೊಂಡಿರಿ.

ಚಿಕ್ಕ ತರಬೇತಿ ಪಡೆದವರೆಲ್ಲ ಅನರ್ಹರೆಂದು ಮಾತ್ರ ತಿಳಿಯಬೇಡಿ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಬೆಂಗಳೂರಿನ ‘ಸಮಾಧಾನ’ ಕೇಂದ್ರದ ಮೂಲಕ ಸಾಮಾನ್ಯ ಜನರಿಗೂ ಆಪ್ತಸಲಹೆಯ ತರಬೇತಿ ಕೊಟ್ಟು ಎಷ್ಟೋ ಮನೆಗಳಿಗೆ ನೆರವು ತಲುಪಿಸಿದ್ದಾರೆ. ಅಂಥ ಕಡೆ ತಯಾರಾದವರಿಗೆ ತಮ್ಮ ಕೆಲಸ ಎಲ್ಲಿ ಮುಗಿಯುತ್ತದೆ, ಯಾರನ್ನು ವೈದ್ಯರ ಬಳಿಗೆ ಕಳುಹಿಸಬೇಕು ಎಂಬುದು ಗೊತ್ತಿರುತ್ತದೆ.

ಮುಂದೆ ಯಾರ ಬಳಿಗೆ ಹೋದರೂ ಮೊದಲ ಹತ್ತು ನಿಮಿಷ ನೀವೇ ಕೇಳಿ. ಏನು ಓದಿದ್ದೀರಿ, ಎಲ್ಲಿ, ಎಷ್ಟು ಕಾಲ? ನೋಂದಣಿ ಇದೆಯೇ? ನಾನು ಹೇಳಿದ್ದನ್ನು ಎಲ್ಲಿ ಬರೆದಿಡುತ್ತೀರಿ, ಯಾರು ಓದಬಹುದು? ಯಾವಾಗ ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ? ನಿಮ್ಮ ಕೆಲಸವನ್ನು ನೋಡುವ ಹಿರಿಯರು ಯಾರಾದರೂ ಇದ್ದಾರೆಯೇ? ಸಲಿಂಗಿಗಳೊಂದಿಗೆ ಕೆಲಸ ಮಾಡಿದ್ದೀರಾ? ಕೊನೆಯ ಪ್ರಶ್ನೆಗೆ ‘ಇಲ್ಲ, ಆದರೆ ಮಾಡಿದವರು ನನಗೆ ಗೊತ್ತು’ ಎಂಬ ಉತ್ತರ ಬಂದರೆ ಅದೂ ಒಳ್ಳೆಯ ಉತ್ತರವೇ. ಅದರ ನಡುವೆ ರಾತ್ರಿ ಹೊತ್ತು ಮನಸ್ಸು ತಡೆಯದಾದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪ್ರಶ್ನೆ ಕೇಳಿದ್ದಕ್ಕೆ ಎದುರಿನವರು ಸಿಡುಕಿದರೆ ಎದ್ದು ಬನ್ನಿ. ಮುಂಗಡ ಕಟ್ಟಿದ್ದೇನಲ್ಲ ಎಂಬ ಕಾರಣಕ್ಕೆ ಉಳಿದ 19 ಸೆಷನ್‌ಗಳಿಗೆ ಹೋಗಬೇಕಾಗಿಲ್ಲ.